ಕಾಫಿ ಕಟ್ಟಿಗೆಯ ರೇಯಾನ್ ಮತ್ತು ನನ್ನ ಹೊಟ್ಟೆಕಿಚ್ಚು

ನಾರಿನ ಎಳೆ ತೆಗೆಯುವ ಜೆಟ್ ಮತ್ತೆ ಕಟ್ಟಿಕೊಂಡಿದೆ ಎಂದು ಫಿಟ್ಟರ್ ಬಂದು ಹೇಳಿದಾಗ ನನಗೆ ಮೊದಲು ಆದದ್ದು ಸಂತೋಷ. ಬೇಸರ ಆಮೇಲೆ ಬಂತು, ಅದೂ ಬರಬೇಕಲ್ಲ ಎಂದು ಬಂದಂತೆ. ಕಟ್ಟಿಕೊಂಡ ಜೆಟ್ಟಿನ ಮುಂದೆ ನಿಂತಿದ್ದವಳು ನಾನಲ್ಲ, ಕೆಲಸಕ್ಕೆ ಹೊಸದಾಗಿ ಬಂದ ಆಕೆ. ಸಂತೋಷಕ್ಕೆ ಅಷ್ಟು ಸಾಕಾಗಿತ್ತು.

ಕುಶಾಲನಗರದ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ಗೋದಾಮುಗಳ ಸಾಲು ಮುಗಿಯುವಲ್ಲಿ ನಮ್ಮ ಶೆಡ್ಡು ಇತ್ತು. ತೋಟಗಳಲ್ಲಿ ಕಿತ್ತುಹಾಕಿದ ಮುದಿ ಕಾಫಿ ಗಿಡಗಳ ಕಾಂಡವನ್ನು ಬೇಯಿಸಿ, ತಿರುಳು ತೆಗೆದು, ಅದರಿಂದ ವಿಸ್ಕೋಸ್ ರೇಯಾನ್ ನಾರು ಮಾಡಲು ಸಾಧ್ಯವೇ ಎಂದು ನೋಡುವ ಪುಟ್ಟ ಘಟಕ. ಯಜಮಾನರು ಸೋಮವಾರಪೇಟೆ ಕಡೆಯ ಬೆಳೆಗಾರರು. ಸೌದೆಯಾಗಿ ಒಲೆಗೆ ಹೋಗುವ ಗಿಡ ಸೀರೆಯಾಗಲಿ ಎಂಬುದು ಅವರ ಹಟ. ಊರಿನವರು ನಕ್ಕಷ್ಟೂ ಆ ಹಟ ಗಟ್ಟಿಯಾಗುತ್ತಿತ್ತು.

ಕೆಲಸ ಹೇಳಲು ಸುಲಭ. ತಿರುಳಿನ ಹಾಳೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಅವಲಕ್ಕಿಯಂತೆ ಪುಡಿ ಮಾಡಿ, ಬೆಚ್ಚನೆಯ ಕೋಣೆಯಲ್ಲಿ ಹಳತಾಗಲು ಇಡುತ್ತೇವೆ. ಆಮೇಲೆ ಮುಚ್ಚಿದ ಡ್ರಮ್ಮಿನಲ್ಲಿ ಕಾರ್ಬನ್ ಡೈಸಲ್ಫೈಡ್ ಸೇರಿಸಿ ತಿರುಗಿಸಿದರೆ ಬಿಳಿ ಪುಡಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅದನ್ನು ತೆಳು ಕಾಸ್ಟಿಕ್‌ನಲ್ಲಿ ಕರಗಿಸಿದರೆ ಸಿಗುವುದು ಜೇನಿನ ಬಣ್ಣದ ಮಂದ ದ್ರಾವಣ, ಅದೇ ವಿಸ್ಕೋಸ್. ನಾವು ಅದನ್ನು ಪಾಕ ಅನ್ನುತ್ತಿದ್ದೆವು. ಪಾಕವನ್ನು ಹದಕ್ಕೆ ಬರುವ ತನಕ ಇಟ್ಟು, ಸೋಸಿ, ಗುಳ್ಳೆ ತೆಗೆದು, ಕೂದಲಿಗಿಂತ ಸಣ್ಣ ತೂತುಗಳಿರುವ ಬಟ್ಟಲಿನಂಥ ಜೆಟ್ಟಿನ ಮೂಲಕ ಆ್ಯಸಿಡ್ ತೊಟ್ಟಿಯೊಳಕ್ಕೆ ಒತ್ತಬೇಕು. ಒಂದೊಂದು ತೂತಿನಿಂದ ಒಂದೊಂದು ಎಳೆ ಹೊರಬರುತ್ತದೆ. ಎಲ್ಲ ಎಳೆ ಕೂಡಿಸಿ, ಎಳೆದು, ತೊಳೆದರೆ ರೇಯಾನ್.

ಆಕೆ ಬರುವ ಮುಂಚೆ ಇದೆಲ್ಲವೂ ನನ್ನದೇ ಆಗಿತ್ತು. ಹಳತಾಗಿಸುವ ಕೋಣೆಯ ಗೋಡೆಯೊಳಗೆ ಬಿಸಿನೀರಿನ ಪೈಪು ಹಾಯಿಸಿದವಳು ನಾನು. ನಮ್ಮ ಕಡೆ ಮಳೆಗಾಲ ಮುಗಿದರೂ ಚಳಿ ಬಿಡುವುದಿಲ್ಲ. ಕೋಣೆ ತಣ್ಣಗಾದರೆ ಪುಡಿ ಹಳತಾಗುವುದೂ ನಿಧಾನ. ಒಂದಿಡೀ ವರ್ಷ ಆ ಕೋಣೆಯ ಶಾಖದ ಜೊತೆ ಗುದ್ದಾಡಿ ಪಾಕವನ್ನು ಹಿಡಿತಕ್ಕೆ ತಂದಿದ್ದೆ. ಎಳೆ ತೆಗೆಯುವುದರಲ್ಲಿ ಮಾತ್ರ ನನ್ನ ಕೈ ಅಷ್ಟಕ್ಕಷ್ಟೇ. ಎಳೆ ಬರುತ್ತಿತ್ತು, ಕಡಿಯುತ್ತಿತ್ತು, ಮತ್ತೆ ಬರುತ್ತಿತ್ತು. ಹಾಗಾಗಿ ಯಜಮಾನರು ದಾವಣಗೆರೆ ಕಡೆಯ ದೊಡ್ಡ ರೇಯಾನ್ ಗಿರಣಿಯಲ್ಲಿ ಕೆಲಸ ಮಾಡಿದ್ದವಳೊಬ್ಬಳನ್ನು ಕರೆಸಿದರು. ನನಗಿಂತ ಹತ್ತಾರು ವರ್ಷ ಚಿಕ್ಕವಳು. ಪಾಕದವರೆಗೆ ನಾನು, ಪಾಕದಿಂದ ಮುಂದೆ ಆಕೆ ಎಂದು ಕೆಲಸ ಹಂಚಿಕೆಯಾಯಿತು.

ಬಂದ ದಿನವೇ ಆಕೆ ತೊಟ್ಟಿಯಿಂದ ಎಳೆಗಳನ್ನು ಗಾಜಿನ ಕೊಕ್ಕೆಯಲ್ಲಿ ಎತ್ತಿ, ಉರುಳೆಗಳಿಗೆ ಸುತ್ತಿ, ಒಂದೂ ಕಡಿಯದಂತೆ ಕೊನೆ ತನಕ ಒಯ್ದಳು. ಅವಸರವಿಲ್ಲ, ಗಡಿಬಿಡಿಯಿಲ್ಲ, ಮಲ್ಲಿಗೆ ಕಟ್ಟುವವರ ಹಾಗೆ ಮಾತಾಡುತ್ತಲೇ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡದ್ದು ಆಗಲೇ.

ಆಮೇಲೆ ನೋಡಿದ್ದೆಲ್ಲ ಅದಕ್ಕೆ ಉರುವಲಾಯಿತು. ಯಜಮಾನರು ಮೊದಲು ನನ್ನನ್ನು ಅವ್ವ ಎಂದು ಕರೆಯುತ್ತಿದ್ದರು. ಆಕೆ ಬಂದ ಮೇಲೆ ಅವ್ವ ಆಕೆಯ ಪಾಲಾಯಿತು, ನಾನು ಮೇಡಂ ಆದೆ. ಕ್ಯಾಂಟೀನಿನ ಹೆಂಗಸು ಆಕೆಗೆ ಬೆಲ್ಲದ ಕಾಫಿ ಒಗ್ಗುವುದಿಲ್ಲವೆಂದು ಬೇರೆ ಹಾಲು ಕಾಯಿಸುತ್ತಿದ್ದಳು. ನನಗೂ ಬೆಲ್ಲದ ಕಾಫಿ ಅಷ್ಟೇನೂ ಇಷ್ಟವಿಲ್ಲ, ಯಾರೂ ಕೇಳಿರಲಿಲ್ಲ. ಫಿಟ್ಟರ್ ನೆಲ್ಯಹುದಿಕೇರಿಯವನು, ಮನೆಮಾತು ಮಲಯಾಳಂ. ಆಕೆ ಬಂದ ಕೆಲವೇ ವಾರಗಳಲ್ಲಿ ಅವನ ಭಾಷೆಯಲ್ಲೇ ಅವನನ್ನು ರೇಗಿಸುತ್ತಿದ್ದಳು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಆದರೂ ನನಗೆ ಮಲಯಾಳಂನಲ್ಲಿ ಊಟ ಆಯ್ತಾ ಎನ್ನುವುದರಾಚೆ ಬರುವುದಿಲ್ಲ. ಇದೆಲ್ಲದರ ಮೇಲೆ ಆಕೆ ನನ್ನನ್ನು ಅಕ್ಕಾ ಎನ್ನತೊಡಗಿದಳು. ಮೇಡಂ ಅಂದಿದ್ದರೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುತ್ತಿತ್ತು.

ಅಷ್ಟರಲ್ಲಿ ಈರೋಡಿನ ಒಬ್ಬ ನೂಲಿನ ವ್ಯಾಪಾರಿ ನಮ್ಮ ನಾರನ್ನು ನೋಡಲು ಒಪ್ಪಿದ. ಅವನ ಎದುರಿಗೆ ಒಂದು ಪಾಳಿ ಪೂರ್ತಿ ಎಳೆ ಕಡಿಯದೆ ಓಡಬೇಕು, ಒದ್ದೆ ನಾರು ಎಳೆತ ತಡೆಯಬೇಕು. ಅವನು ಒಪ್ಪಿದರೆ ದೊಡ್ಡ ಘಟಕ ಕಟ್ಟುವುದಾಗಿಯೂ, ಅದರ ಪೂರ್ತಿ ಹೊಣೆಯನ್ನು ನಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡುವುದಾಗಿಯೂ ಯಜಮಾನರು ಊಟದ ಹೊತ್ತಿನಲ್ಲಿ ಹೇಳಿದರು. ಹೇಳುವಾಗ ನೋಡಿದ್ದು ಆಕೆಯ ಕಡೆ. ಆ ಹೊಣೆ ನನಗೆ ಬೇಕಿತ್ತು.

ಜೆಟ್ ಕಟ್ಟಿಕೊಳ್ಳಲು ಶುರುವಾದದ್ದು ಇದಾದ ಸ್ವಲ್ಪ ದಿನಕ್ಕೆ. ಮೊದಲು ಅಲ್ಲೊಂದು ಇಲ್ಲೊಂದು ತೂತು ಮುಚ್ಚಿತು. ಎಳೆ ದಪ್ಪ ಸಣ್ಣ ಬಂತು. ಆಮೇಲೆ ದಿನಾ ಬೆಳಿಗ್ಗೆ ಹಾಕಿದ ಜೆಟ್ ಮಧ್ಯಾಹ್ನಕ್ಕೆ ಕುರುಡಾಗುತ್ತಿತ್ತು. ತೊಟ್ಟಿಯ ಆ್ಯಸಿಡ್, ಸತುವಿನ ಲವಣ, ಶಾಖ ಎಲ್ಲ ಆಕೆಯ ಲೆಕ್ಕ. ಜೆಟ್ಟಿನ ಹೊರಮೈಯಲ್ಲಿ ಲವಣ ಕೂತು ತೂತು ಮುಚ್ಚುವುದು ಈ ಕೆಲಸದಲ್ಲಿ ಹೊಸದೇನಲ್ಲ. ತಪ್ಪು ತೊಟ್ಟಿಯದೇ ಎಂದು ಯಜಮಾನರು ತೀರ್ಮಾನಿಸಿದರು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮುಖ ಮಾತ್ರ ಬಹಳ ಗಂಭೀರವಾಗಿ ಇಟ್ಟುಕೊಂಡಿದ್ದೆ.

ಆಕೆ ತೊಟ್ಟಿ ಖಾಲಿ ಮಾಡಿದಳು, ಉಜ್ಜಿಸಿದಳು, ಹೊಸ ಆ್ಯಸಿಡ್ ತುಂಬಿದಳು. ಮರುದಿನವೂ ಜೆಟ್ ಕಟ್ಟಿತು. ನನ್ನ ಮೂರ್ನಾಡಿನ ಗೆಳತಿಗೆ ಫೋನು ಮಾಡಿ, ಪಾಪ ಆ ಹುಡುಗಿ ತುಂಬಾ ಕಷ್ಟಪಡುತ್ತಿದ್ದಾಳೆ ಎಂದೆ. ಪಾಪ ಅನ್ನುವಾಗ ನಾಲಿಗೆಗೆ ಎಷ್ಟು ಹಿತವಾಗಿತ್ತು ಎಂಬುದು ನನಗೆ ಮಾತ್ರ ಗೊತ್ತು.

ತಪ್ಪು ಆಕೆಯದೇ ಎಂದು ಊಹೆಯಲ್ಲಿ ಬಿಡುವುದಕ್ಕಿಂತ ಕೈಯಲ್ಲಿ ಹಿಡಿದು ತೋರಿಸಿದರೆ ಚೆನ್ನ ಅನ್ನಿಸಿತು. ಬಿಚ್ಚಿದ ಜೆಟ್ ಒಂದನ್ನು ಕೊಡು ಎಂದು ಫಿಟ್ಟರ್‌ನನ್ನು ಕೇಳಿದೆ. ಅವನಿಗೆ ಅನುಮಾನ ಬಂತೇನೋ.

"ತೊಳೀಲಿಕ್ಕಾ ಮೇಡಂ? ಅದು ಆ ಮೇಡಂನ ಕೆಲ್ಸ ಅಲ್ವಾ?" ಎಂದ.

ನೋಡಲಿಕ್ಕೆ ಎಂದೆ. ಲ್ಯಾಬಿಗೆ ತಂದು, ಒಳಗೆ ಅಂಟಿದ್ದ ಪಾಕ ಪೂರ್ತಿ ಹೋಗುವ ಹಾಗೆ ತೆಳು ಕಾಸ್ಟಿಕ್‌ನಲ್ಲಿ ನೆನೆಸಿ, ಭಟ್ಟಿಯಿಳಿಸಿದ ನೀರಿನಲ್ಲಿ ಜಾಲಿಸಿ, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಸ ಜೆಟ್ಟಿನ ಹೊರಮೈಯಲ್ಲಿದ್ದರೆ ಅದು ಆ್ಯಸಿಡ್ ತೊಟ್ಟಿಯಿಂದ ಬಂದದ್ದು, ಅಂದರೆ ಆಕೆಯದು. ಒಳಬದಿಯಲ್ಲಿದ್ದರೆ ಪಾಕದಿಂದ ಬಂದದ್ದು, ಅಂದರೆ ನನ್ನದು. ಹೊರಮೈ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಮಗುಚಿ ಇಟ್ಟೆ. ಬಟ್ಟಲಿನ ಒಳಗೆ, ತೂತುಗಳ ಬಾಯಿಯಲ್ಲಿ, ಬಿಳಿ ಹರಳುಗಳು ಒತ್ತಿಕೊಂಡು ಕೂತಿದ್ದವು.

ಒಂದು ಹನಿ ಆ್ಯಸಿಡ್ ಬಿಟ್ಟೆ. ನೊರೆಯೆದ್ದು ಕರಗಿತು. ಆ ಹನಿಗೆ ಅಮೋನಿಯಾ ಸೇರಿಸಿ, ಆಕ್ಸಲೇಟ್ ಹಾಕಿದರೆ ಹಾಲಿನಂತೆ ಬಿಳಿಯಾಯಿತು. ಹಾಗೆ ಬಿಳಿಯಾದರೆ ಕ್ಯಾಲ್ಸಿಯಂ ಇದೆಯೆಂದೇ ಅರ್ಥ. ನನ್ನ ಪಾಕದೊಳಗೆ ಸುಣ್ಣ.

ಮೊದಲು ನೀರಿನ ಮೇಲೆ ಸಂಶಯಪಟ್ಟೆ. ಬೋರ್‌ವೆಲ್ ನೀರು ಗಡಸು, ಆದರೆ ಅದನ್ನು ಮೃದು ಮಾಡುವ ಯಂತ್ರ ಸರಿಯಾಗಿಯೇ ಇತ್ತು. ಕಾಸ್ಟಿಕ್ ಪರೀಕ್ಷಿಸಿದೆ, ಅದೂ ಸರಿ. ಉಳಿದದ್ದು ತಿರುಳು. ಹಳೆಯ ತಿರುಳಿನ ಚೂರನ್ನೂ ಈಗಿನದನ್ನೂ ಬೇರೆ ಬೇರೆ ಮೂಸೆಯಲ್ಲಿ ಸುಟ್ಟೆ. ಹಳೆಯದು ತಳದಲ್ಲಿ ಚಿಟಿಕೆ ಬೂದಿ ಬಿಟ್ಟಿತು. ಈಗಿನದು ವಿಭೂತಿ ಮಾಡಬಹುದಾದಷ್ಟು.

ಶೆಡ್ಡಿನ ಹಿಂದಿನ ಕಟ್ಟಿಗೆ ರಾಶಿಯ ಹತ್ತಿರ ಹೋದೆ. ದಿನಾ ಹತ್ತು ಸಲ ಅದರ ಪಕ್ಕ ಓಡಾಡುವವಳು ನಾನು. ಮೊದಲೆಲ್ಲ ನಮಗೆ ಬರುತ್ತಿದ್ದದ್ದು ಮೂರ್ನಾಡಿನ ಕಡೆಯ ರೊಬಸ್ಟಾ ಕಾಂಡ. ಅದು ಮುಗಿದ ಮೇಲೆ ಯಜಮಾನರು ತಮ್ಮದೇ ತೋಟದ ಮುದಿ ಅರೇಬಿಕಾ ಗಿಡ ಕೀಳಿಸಿ ಕಳಿಸುತ್ತಿದ್ದರು. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳುವಿನ ಕಾಟ. ಅದು ಮೊಟ್ಟೆ ಇಡದಿರಲೆಂದು ಕಾಂಡಕ್ಕೆಲ್ಲ ಸುಣ್ಣ ಹಚ್ಚುತ್ತಾರೆ. ರೊಬಸ್ಟಾಕ್ಕೆ ಆ ಹುಳು ಬೀಳುವುದಿಲ್ಲ, ಸುಣ್ಣವೂ ಇಲ್ಲ. ಕೀಳಬೇಕೆಂದು ಗುರುತು ಮಾಡಿದ ಗಿಡಕ್ಕೂ ನಮ್ಮ ಜನ ಸುಣ್ಣ ಹಚ್ಚದೆ ಬಿಡುವುದಿಲ್ಲ, ಪಕ್ಕದ ಗಿಡಕ್ಕೆ ಹುಳು ಹಾರೀತೆಂದು. ನಮ್ಮ ಹುಡುಗರು ತೊಗಟೆ ಸುಲಿದೇ ಕಟ್ಟಿಗೆ ಕೊಡುತ್ತಿದ್ದರು. ಆದರೆ ಕಾಫಿ ಕಾಂಡ ನೆಟ್ಟಗಿರುವುದಿಲ್ಲ. ಕವಲುಗಳ ಸಂದಿಯಲ್ಲಿ ತೊಗಟೆಯೂ ಉಳಿದಿತ್ತು, ವರ್ಷವರ್ಷವೂ ಹಚ್ಚಿದ ಸುಣ್ಣವೂ ಪದರಪದರವಾಗಿ ಉಳಿದಿತ್ತು.

ಚಿಕ್ಕವಳಿದ್ದಾಗ ರಜೆಯಲ್ಲಿ ಸೋದರಮಾವನ ತೋಟಕ್ಕೆ ಹೋದರೆ ಗಿಡಗಳಿಗೆ ಸುಣ್ಣ ಹಚ್ಚುವುದೇ ನಮಗೆ ಆಟ. ಯಜಮಾನರು ಅದನ್ನು ಹಚ್ಚಿಸಿದವರು, ಕಟ್ಟಿಗೆ ಹೊತ್ತವರು ಅದನ್ನು ಹಚ್ಚಿದವರು. ಬಿಳಿ ಬಳಿದ ಕಾಂಡ ನಮಗೆಲ್ಲ ಎಷ್ಟು ರೂಢಿಯೆಂದರೆ ಅದು ಬಿಳಿ ಎಂಬುದೇ ಕಣ್ಣಿಗೆ ಬಿದ್ದಿರಲಿಲ್ಲ. ಸೋಸುವ ಬಟ್ಟೆ ಇತ್ತೀಚೆಗೆ ಬೇಗ ಕಟ್ಟುತ್ತಿದೆ ಎಂದು ನನಗೆ ತಿಳಿದಿತ್ತು, ಬಟ್ಟೆಯ ಗುಣಮಟ್ಟ ಇಳಿದಿದೆ ಎಂದು ಬೈದುಕೊಂಡು ಬದಲಾಯಿಸುತ್ತಿದ್ದೆ.

ಸುಣ್ಣ ಹಿಡಿದ ಕವಲೊಂದನ್ನು ರಾಶಿಯಿಂದ ಎಳೆದು ತೆಗೆದುಕೊಂಡೆ. ಈ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ. ಆಕೆಗೆ ಹೊಳೆಯುವ ಸಾಧ್ಯತೆ ಕಡಿಮೆ. ಆಕೆಯ ಊರಿನಲ್ಲಿ ಕಾಫಿ ಗಿಡವಿಲ್ಲ. ಈರೋಡಿನವನು ಬರುವ ದಿನ ಹತ್ತಿರವಾಗಿತ್ತು. ನಾನು ಸುಮ್ಮನಿದ್ದರೆ ಅವನ ಕಣ್ಣೆದುರೇ ಜೆಟ್ ಕಟ್ಟುತ್ತದೆ, ತಪ್ಪು ತೊಟ್ಟಿಯ ತಲೆಗೆ ಬರುತ್ತದೆ, ಆಕೆ ಗಂಟುಮೂಟೆ ಕಟ್ಟುತ್ತಾಳೆ. ಆಮೇಲೆ ನಾನು ನಿಧಾನವಾಗಿ ರೊಬಸ್ಟಾ ತರಿಸಿ ಎಲ್ಲ ಸರಿಮಾಡಬಹುದು. ಇದನ್ನೆಲ್ಲ ಯೋಚಿಸಲು ನನಗೆ ಕಷ್ಟವೇ ಆಗಲಿಲ್ಲ, ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಬಂತು.

ಒಳಗೆ ಬಂದಾಗ ಯಜಮಾನರು ತೊಟ್ಟಿಯ ಬಳಿ ನಿಂತು ಎಲ್ಲರೆದುರು ಆಕೆಯನ್ನು ಗದರುತ್ತಿದ್ದರು.

"ದಿವ್ಸಾ ಜೆಟ್ ಬಿಚ್ಕೊಂಡು ಕೂತ್ರೆ ಅವ್ರು ಬಂದಾಗ ಏನವ್ವ ತೋರ್ಸೋದು? ದೊಡ್ಡ ಗಿರಣೀಲಿ ಇದನ್ನೇ ಕಲ್ತಿದ್ದಾ?"

"ತೊಟ್ಟಿ ಸರಿ ಐತ್ರಿ ಸರ್," ಎಂದಳು ಆಕೆ. ಕಣ್ಣು ಕೆಂಪಾಗಿದ್ದವು. ತೊಟ್ಟಿಯ ಹಬೆಗೆ ಯಾರ ಕಣ್ಣಾದರೂ ಕೆಂಪಾಗುತ್ತವೆ, ಆದರೆ ಇದು ಹಬೆಯದಲ್ಲ. "ಎಲ್ಲಿ ತಪ್ಪೈತಿ ಅಂತ ನಂಗ ತಿಳೀವಲ್ದು, ಅದು ಖರೆ."

ಆ ಗಳಿಗೆಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಬಂದಾಗ ಅದು ಅಂದುಕೊಂಡಷ್ಟು ರುಚಿಸಲಿಲ್ಲ. ಆಕೆಯ ಮೇಲೆ ಕರುಣೆ ಹುಟ್ಟಿತೆಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಆದದ್ದು ಬೇರೆ. ನಾನು ಒಂದು ಪತ್ತೆ ಮಾಡಿದ್ದೆ. ಜೆಟ್ಟಿನ ಒಳಬದಿಯ ಹರಳಿನಿಂದ ಹಿಡಿದು ಕಾಂಡದ ಕವಲಿನ ತನಕ ಒಂದೊಂದೇ ಮೆಟ್ಟಿಲು ಹಿಂದಕ್ಕೆ ನಡೆದು ಕಂಡುಹಿಡಿದಿದ್ದೆ. ನನ್ನ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟಾದದ್ದನ್ನು ಹಿಂದೆಂದೂ ಮಾಡಿರಲಿಲ್ಲ. ಅದರ ಬೆಲೆ ತಿಳಿಯುವವರು ಯಾರಿದ್ದಾರೆ ಅಲ್ಲಿ? ಯಜಮಾನರಿಗೆ ಸುಣ್ಣ ಅಂದರೆ ಸುಣ್ಣ ಅಷ್ಟೇ. ಫಿಟ್ಟರ್‌ಗೆ ಜೆಟ್ ಓಡಿದರೆ ಸಾಕು. ನಾನು ಏನು ಮಾಡಿದ್ದೇನೆಂದು ಪೂರ್ತಿ ಅರ್ಥವಾಗುವವಳು ಇಡೀ ಕುಶಾಲನಗರದಲ್ಲಿ ಆಕೆಯೊಬ್ಬಳೇ. ಆಕೆಗೆ ಹೇಳದೆ ಇಟ್ಟುಕೊಂಡರೆ ಹೊಟ್ಟೆ ಒಡೆಯುವಂತಿತ್ತು.

"ತೊಟ್ಟಿ ಬಿಡಿ ಸಾರ್," ಎಂದೆ. "ಕಸ ಇರೋದು ಜೆಟ್ಟಿನ ಒಳಗಡೆ. ನನ್ನ ಪಾಕದಿಂದ ಬರ್ತಿದೆ."

ಆಕೆಯನ್ನು ಲ್ಯಾಬಿಗೆ ಕರೆದು ಎಲ್ಲ ತೋರಿಸಿದೆ. ಆಕೆ ಜೆಟ್ಟನ್ನು ಮಗುಚಿ ನೋಡಿದಳು, ನೊರೆ ನೋಡಿದಳು, ಎರಡು ಮೂಸೆಯ ಬೂದಿ ನೋಡಿದಳು. ಕೊನೆಗೆ ಕವಲನ್ನು ಉಗುರಿನಲ್ಲಿ ಕೆರೆದು, ಗಿಡಕ್ಕೆ ಗೋಡೆಯ ಹಾಗೆ ಸುಣ್ಣ ಹೊಡೆಯುತ್ತೀರಾ ಎಂದು ಕೇಳಿದಳು. ಹೌದೆಂದೆ. ಆಕೆ ನಗಲಿಲ್ಲ, ಗೋಳೂ ಹೊಯ್ದುಕೊಳ್ಳಲಿಲ್ಲ. ಬೂದಿಯನ್ನು ಇನ್ನೊಮ್ಮೆ ನೋಡಿ, ಇದು ಭಾಳ ಚಲೋ ಹಿಡಿದೀರಿ ಅಕ್ಕಾ ಎಂದಳು. ನನಗೆ ಬೇಕಾದದ್ದು ಸಿಕ್ಕಿತು. ಅದು ಆಕೆಯ ಬಾಯಿಂದಲೇ ಸಿಗಬೇಕಾಗಿ ಬಂತಲ್ಲ ಎಂದು ಮತ್ತೆ ಉರಿಯಿತು.

ಬೇರೆ ಕಟ್ಟಿಗೆ ತರಿಸಿ ಬೇಯಿಸುವಷ್ಟು ಹೊತ್ತಿರಲಿಲ್ಲ. ಇದ್ದ ತಿರುಳನ್ನೇ ಆ್ಯಸಿಡ್‌ನಲ್ಲಿ ತೊಳೆಯಬೇಕು. ತೊಟ್ಟಿಗೆಂದು ತಂದ ಸಲ್ಫ್ಯೂರಿಕ್ ಆ್ಯಸಿಡ್ ಬೇಕಾದಷ್ಟಿತ್ತು, ಆದರೆ ಸುಣ್ಣಕ್ಕೆ ಅದು ತಾಗಿದರೆ ಕರಗದ ಜಿಪ್ಸಂ ಆಗಿ ಅಲ್ಲೇ ಕೂರುತ್ತದೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ಬೇಕು, ತೆಳುವಾಗಿ. ಪೇಟೆಯಿಂದ ತರಿಸಿದೆವು. ಎಲ್ಲಿ ನೆನೆಸುವುದು ಎಂದಾಗ ಆಕೆ ತೊಳೆಯುವ ವಿಭಾಗದ ಸ್ಟೀಲ್ ತೊಟ್ಟಿ ತೋರಿಸಿದಳು, ಅವಸರದಲ್ಲಿ ನಾನೂ ತಲೆಯಾಡಿಸಿದೆ. ಸುಣ್ಣ ಹೋಯಿತು. ಆದರೆ ಆ ತಿರುಳಿನಿಂದ ಮಾಡಿದ ಪಾಕದಲ್ಲಿ, ಅದು ಎಷ್ಟು ಮಂದವಿದೆ ಎಂದು ಅಳೆಯಲು, ಉಕ್ಕಿನ ಗುಂಡು ಬಿಟ್ಟು ನೋಡಿದರೆ ಜೇನಿನಲ್ಲಿ ಇಳಿಯುವ ಹಾಗೆ ಇಳಿಯಬೇಕಾದ್ದು ನೀರಿಗೆ ಬಿದ್ದ ಹಾಗೆ ತಳ ಸೇರಿತು. ಆ್ಯಸಿಡ್ ಸ್ಟೀಲನ್ನು ತಿಂದು ತಿರುಳಿಗೆ ಕಬ್ಬಿಣ ಉಣಿಸಿತ್ತು. ಕಬ್ಬಿಣ ಸೇರಿದರೆ ಪುಡಿ ಅಳತೆ ಮೀರಿ ಬೇಗ ಹಳತಾಗುತ್ತದೆ, ನಾರಿನಲ್ಲಿ ಜೀವವೇ ಉಳಿಯುವುದಿಲ್ಲ. ಅಷ್ಟೂ ಪಾಕ ವ್ಯರ್ಥವಾಯಿತು. ಇದು ನಿನ್ನ ಸಲಹೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಅದನ್ನು ಎಲ್ಲರೆದುರು ಹೇಳಿಬಿಟ್ಟಳು.

ತೋಟದಲ್ಲಿ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಯಜಮಾನರು ಜೀಪಿನಲ್ಲಿ ಹೇರಿಸಿಕೊಂಡು ಬಂದರು. ಸುಣ್ಣ ಹಚ್ಚಿಸಿದವನು ನಾನೇ ತಾನೇ ಎಂದು ಅವರೇ ನಿಂತು ಇಳಿಸಿದರು. ಮುಂದಿನ ಕಟ್ಟಿಗೆಗೆಂದು ಕವಲುಗಳನ್ನು ಕತ್ತಿಯಲ್ಲಿ ಕಡಿದು ಬೇರೆ ಹಾಕಲು ಹೇಳಿದರು. ನಾವಿಬ್ಬರೂ ರಬ್ಬರ್ ಗವಸು ತೊಟ್ಟು ತಿರುಳನ್ನು ಡ್ರಮ್ಮಿನಲ್ಲಿ ನೆನೆಸಿ, ಮೃದುನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದೆವು. ಪ್ರತಿ ಸಲದ ನೀರಿಗೂ ನಾನು ಆಕ್ಸಲೇಟ್ ಹಾಕಿ ನೋಡುತ್ತಿದ್ದೆ. ಹಾಲು ಮಜ್ಜಿಗೆಯಾಯಿತು, ಮಜ್ಜಿಗೆ ನೀರಾಯಿತು. ಹೊಸ ಪಾಕದಲ್ಲಿ ಗುಂಡು ತನ್ನ ಗತ್ತಿನಲ್ಲೇ ಇಳಿಯಿತು.

ಈರೋಡಿನವನು ಬಂದ ದಿನ ಆಕೆ ಎಳೆ ಎತ್ತಿದಳು. ನಾನು ಪಾಕದ ಒತ್ತಡದ ಮುಳ್ಳು ನೋಡುತ್ತ ನಿಂತೆ, ಜೆಟ್ ಕಟ್ಟಿದರೆ ಅದು ಏರುತ್ತದೆ. ಪಾಳಿ ಮುಗಿಯುವವರೆಗೆ ಮುಳ್ಳು ಏರಲಿಲ್ಲ, ಒಂದು ಜೆಟ್ಟೂ ಬಿಚ್ಚಲಿಲ್ಲ. ಅವನು ಒದ್ದೆ ನಾರಿನ ಎಳೆಯೊಂದನ್ನು ಬೆರಳಿಗೆ ಸುತ್ತಿ ಎಳೆದು ನೋಡಿದ, ಅಳತೆ ಯಂತ್ರಕ್ಕೂ ಕಟ್ಟಿಸಿ ನೋಡಿದ, ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ ಮೊದಲಿಗೆ ಒಂದು ಬೇಲು ನಾರು ಮೂಟೆ ಕಟ್ಟಿ ಕಳಿಸಿಕೊಡಿ ಎಂದ. ಫೋಟೋ ತೆಗೆಯುವಾಗ ಅವನು ನಿಂತದ್ದು ಆಕೆಯ ಪಕ್ಕದಲ್ಲಿ. ಹೊಳೆಯುವ ನಾರು ಬರುವುದು ಆಕೆಯ ಕಡೆಯಿಂದಲ್ಲವೇ, ಪಾಕದ ಟ್ಯಾಂಕಿನ ಜೊತೆ ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

ಮರುವಾರ ಯಜಮಾನರು ನನ್ನನ್ನು ಕೋಣೆಗೆ ಕರೆದು ಹೊಸ ಘಟಕದ ಹೊಣೆ ನನ್ನದೆಂದರು. ಸಂತೋಷಪಡಲು ಅವರು ಹೆಚ್ಚು ಹೊತ್ತು ಬಿಡಲಿಲ್ಲ.

"ನಿಜ ಹೇಳ್ತೀನಿ ಮೇಡಂ, ನನ್ನ ಮನ್ಸಲ್ಲಿ ಇದ್ದಿದ್ದು ಆ ಹುಡುಗಿ. ಅವ್ಳೇ ಬಂದು, ಇದು ಅಕ್ಕಂಗೆ ಸೇರ್ಬೇಕು, ನಾನು ಅವ್ರ ಕೈಕೆಳ್ಗೆ ಮಾಡ್ತೀನಿ ಅಂತ ಕೂತ್ಬಿಟ್ಲು."

ನಾನು ಬಯಸಿದ್ದು ನನ್ನ ಕೈಗೆ ಬಂದಿತ್ತು, ಆದರೆ ಆಕೆಯ ಕೈಯಿಂದ. ಬೇಡವೆನ್ನುವಷ್ಟು ಸ್ವಾಭಿಮಾನ ನನಗಿರಲಿಲ್ಲ, ಒಪ್ಪಿಕೊಂಡೆ. ಹೊರಗೆ ಬಂದವಳೇ ಆಕೆಯನ್ನು ಹುಡುಕಿದೆ. ಜೆಟ್ಟುಗಳನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ಒರೆಸುತ್ತಿದ್ದಳು. ಥ್ಯಾಂಕ್ಸ್ ಹೇಳಬೇಕೆಂದು ಹೋದವಳು, ಯಾಕೆ ಹೀಗೆ ಮಾಡಿದೆ ಎಂದು ಜಗಳಕ್ಕೆ ನಿಂತವಳ ಹಾಗೆ ಕೇಳಿದೆ.

ಆಕೆ ತಲೆಯೆತ್ತಿದಳು.

"ಆವತ್ತು ನೀವು ಸುಮ್ನಿದ್ದಿದ್ರ ನಾನು ಊರಿಗೆ ಹೋಗ್ತಿದ್ದೆ ಅಕ್ಕಾ. ನಿಮ್ಮ ಪಾಕದ್ದ ತಪ್ಪು ಅಂತ ನೀವ ಎಲ್ಲಾರ ಮುಂದ ಅಂದ್ರಿ. ನಿಮ್ಮ ಜಾಗದಾಗ ನಾನಿದ್ರ ಹೇಳ್ತಿದ್ದಿಲ್ಲ. ಅಷ್ಟು ದೊಡ್ಡ ಮನಸು ನಂಗಿಲ್ಲ."

ಹೇಳಿ ಮುಗಿಸಿ ಮತ್ತೆ ಜೆಟ್ ಒರೆಸತೊಡಗಿದಳು, ಹೊತ್ತೆಷ್ಟಾಯಿತು ಎಂದು ಹೇಳಿದಷ್ಟೇ ಸಲೀಸಾಗಿ. ನಾನು ಯಾಕೆ ಬಾಯಿಬಿಟ್ಟೆ ಎಂಬ ನಿಜವನ್ನು ಆಗ ಹೇಳಬಹುದಿತ್ತು. ಅದರ ಬದಲು ದೊಡ್ಡ ಮನಸ್ಸಿನವಳ ಹಾಗೆ ಸಣ್ಣಗೆ ನಕ್ಕು, ಆಕೆಯ ಭುಜ ತಟ್ಟಿ ಬಂದೆ. ತನ್ನ ಮನಸ್ಸಿನ ಅಳತೆಯನ್ನು ಅಷ್ಟು ಸುಲಭವಾಗಿ ಇನ್ನೊಬ್ಬರ ಮುಂದೆ ಇಡುವುದು ಆಕೆಗೆ ಬರುತ್ತದೆ, ನನಗೆ ಬರುವುದಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.